ನೆರೆಯವರ ಸಾಲದ ಕಡತ ನಮಗೇಕೆ?

ಸಾಲ ತೀರಿಸಲಾರದೆ ಕೈಚೆಲ್ಲಿ ಕುಳಿತವನನ್ನು ನಮ್ಮ ಜನ ‘ಪಾಪರ್ ಆದ’ ಎನ್ನುತ್ತಾರೆ. ‘ಪಾಪರ್ ಚೀಟಿ ತಗೊಂಡ’ ಎಂಬ ಮಾತು ಸಂತೆಯಲ್ಲಿಯೂ ಕಿವಿಗೆ ಬೀಳುತ್ತದೆ. ಇದು ಇಂಗ್ಲಿಷಿನಿಂದ ಬಂದ ಪದ. ಅದರ ಅರ್ಥ ಕಡುಬಡವ ಎಂದಷ್ಟೇ. ನ್ಯಾಯಾಲಯದ ಶುಲ್ಕ ಕಟ್ಟಲಾರದವನು ಹೂಡುವ ದಾವೆಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆ ಹಿಂದೆ ಈ ಹೆಸರಿನಿಂದ ಕರೆಯುತ್ತಿತ್ತು. 1976ರ ತಿದ್ದುಪಡಿಯಲ್ಲಿ ಆ ಪದವನ್ನು ತೆಗೆದು ನಿರ್ಗತಿಕ ಎಂಬರ್ಥದ ಪದವನ್ನು ಸೇರಿಸಲಾಯಿತು. ಕಾನೂನು ಬಿಟ್ಟ ಪದವನ್ನು ನಮ್ಮ ನಾಲಿಗೆ ಬಿಟ್ಟಿಲ್ಲ. ನಮ್ಮ ಕಿವಿಗಂತೂ ಅದರಲ್ಲಿ ಮೊದಲು ಕೇಳಿಸುವುದು ‘ಪಾಪ’ವೇ.

ಬಡತನದ ಪದವನ್ನು ಪಾಪದ ಪದವಾಗಿ ಕೇಳುವ ಈ ಕಿವಿಯ ಬಗ್ಗೆ ಇಂದು ಸ್ವಲ್ಪ ವಿಚಾರ ಮಾಡೋಣ. ನೆರೆಯವರ ಸಾಲ, ದಿವಾಳಿ, ಜಪ್ತಿಯ ದಾಖಲೆಗಳು ಈಗ ಯಾರು ಬೇಕಾದರೂ ನೋಡಬಹುದಾದಷ್ಟು ಹತ್ತಿರ ಬಂದಿವೆ. ನೋಡಲು ಸಾಧ್ಯವಿರುವುದನ್ನೆಲ್ಲ ನೋಡಬಹುದೇ? ನೋಡಿದ್ದನ್ನೆಲ್ಲ ಹೇಳಬಹುದೇ?

ಕಡತ ಎಲ್ಲಿರುತ್ತದೆ?

ಒಬ್ಬ ವ್ಯಕ್ತಿಯನ್ನು ದಿವಾಳಿ ಎಂದು ಘೋಷಿಸುವ ಅಧಿಕಾರ ಊರವರಿಗಿಲ್ಲ, ನ್ಯಾಯಾಲಯಕ್ಕಿದೆ. 2016ರಲ್ಲಿ ದೇಶಕ್ಕೆಲ್ಲ ಹೊಸ ದಿವಾಳಿ ಸಂಹಿತೆ ಬಂದಿತು. ಅದು ಕಂಪನಿಗಳಿಗೂ ಕಂಪನಿಯ ಸಾಲಕ್ಕೆ ಜಾಮೀನು ನಿಂತವರಿಗೂ ಅನ್ವಯವಾಗುತ್ತಿದೆ. ಆದರೆ ಸಾಮಾನ್ಯ ರೈತ, ನೇಕಾರ, ಅಂಗಡಿಕಾರರಿಗೆ ಸಂಬಂಧಿಸಿದ ಭಾಗ ಜಾರಿಗೆ ಬರದೆ ಉಳಿದಿದೆ. ಆದ್ದರಿಂದ ಮಲ್ಲಸಮುದ್ರದ ಒಬ್ಬ ರೈತ ದಿವಾಳಿ ಅರ್ಜಿ ಕೊಡಬೇಕಾದರೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯಿದೆಯ ಮೇರೆಗೆ ಗದಗಿನ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಆ ಕಾಯಿದೆಯಲ್ಲಿ 500 ರೂಪಾಯಿ ಸಾಲವೂ ಅರ್ಜಿಗೆ ಸಾಕು; ಅದು ಎಷ್ಟು ಹಳೆಯದೆಂಬುದಕ್ಕೆ ಈ ಅಂಕಿಯೇ ಸಾಕ್ಷಿ. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಕಡತ ಬೇಕಾದವರು ಧಾರವಾಡದಲ್ಲಿಯೂ ವಿಚಾರಿಸಬೇಕಾದೀತು.

ದಿವಾಳಿಯ ಆದೇಶವಾದಾಗ ಅದು ಸರ್ಕಾರದ ರಾಜಪತ್ರದಲ್ಲಿ ಪ್ರಕಟವಾಗುತ್ತದೆ. ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರು ಮತ್ತು ವರ್ಷ ಹಾಕಿದರೆ ಪ್ರಕರಣದ ಸಂಖ್ಯೆ, ಮುಂದಿನ ದಿನಾಂಕ, ಹಂತ ಕಾಣುತ್ತದೆ. ಜಮೀನಿನ ಮೇಲಿನ ಸಾಲ ಪಹಣಿಯ 11ನೆಯ ಕಾಲಂನಲ್ಲಿರುತ್ತದೆ. ಅಡವು, ಮಾರಾಟಗಳ ವಿವರ ಉಪನೋಂದಣಿ ಕಚೇರಿಯ ಋಣಭಾರ ಪತ್ರದಲ್ಲಿ ಸಿಗುತ್ತದೆ. ಹಿಂದೆ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ ಹೋಗಿ ಗುಮಾಸ್ತರ ಮುಂದೆ ನಿಲ್ಲಬೇಕಾಗಿತ್ತು. ಆಗ ‘ನನಗೆ ಇದು ನಿಜವಾಗಿ ಬೇಕೇ?’ ಎಂಬ ಪ್ರಶ್ನೆ ದಾರಿಯಲ್ಲೇ ಏಳುತ್ತಿತ್ತು. ಈಗ ಕಟ್ಟೆಯ ಮೇಲೆ ಕುಳಿತು ಮೊಬೈಲ್ ಒತ್ತುವವನಿಗೆ ಆ ಪ್ರಶ್ನೆ ಕೇಳಲು ದಾರಿಯೇ ಉಳಿದಿಲ್ಲ.

ಕಡತ ಹೇಳದ ಸಂಗತಿ

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಮುಂಡರಗಿ ಕಡೆಯ ಒಬ್ಬ ರೈತನ ಮೇಲೆ ವಸೂಲಿ ದಾವೆಯಾಗಿದೆ. ಪಕ್ಕದ ಮನೆಯ ಯುವಕ ಅದನ್ನು ಮೊಬೈಲಿನಲ್ಲಿ ಕಂಡು, ಚಿತ್ರ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ‘ನಾನು ಸುಳ್ಳು ಹೇಳಿಲ್ಲ, ಸರ್ಕಾರದ್ದೇ ದಾಖಲೆ’ ಎನ್ನುತ್ತಾನೆ. ಮುಂದಿನ ವಾರದಿಂದ ಆ ರೈತನ ಹೆಂಡತಿ ಸಂತೆಗೆ ಹೋಗುವುದನ್ನು ಬಿಡುತ್ತಾಳೆ. ಮಗಳಿಗೆ ಬಂದ ಸಂಬಂಧ ತಪ್ಪಿಹೋಗುತ್ತದೆ. ಭಾನುವಾರದ ಬಲಿಪೂಜೆಗೆ ಆ ಕುಟುಂಬ ಬರುವುದಿಲ್ಲ. ಯುವಕ ಹೇಳಿದ್ದು ಸತ್ಯವೇ. ಹಾಗಾದರೆ ತಪ್ಪು ಎಲ್ಲಿ?

ಕಡತದಲ್ಲಿ ಮೊತ್ತ ಇರುತ್ತದೆ, ಬಡ್ಡಿ ಇರುತ್ತದೆ, ಆದೇಶ ಇರುತ್ತದೆ. ಎರೆಹೊಲದಲ್ಲಿ ಹೆಸರು ಬಿತ್ತಿ ಮಳೆಗೆ ಕಾದ ದಿನಗಳು ಅದರಲ್ಲಿ ಇರುವುದಿಲ್ಲ. ಈರುಳ್ಳಿಯ ಬೆಲೆ ಕುಸಿದಾಗ ಗಾಡಿ ಬಾಡಿಗೆಯೂ ಹುಟ್ಟಲಿಲ್ಲವೆಂಬುದು, ಅಣ್ಣನ ಸಾಲಕ್ಕೆ ತಮ್ಮ ಜಾಮೀನು ನಿಂತು ಮುಳುಗಿದನೆಂಬುದು ಕೂಡ ಇರುವುದಿಲ್ಲ. ಇಸ್ಪೀಟಿನಲ್ಲಿ ಕಳೆದವನೂ ತಾಯಿಯ ಔಷಧಕ್ಕೆ ಖರ್ಚು ಮಾಡಿದವನೂ ಒಂದೇ ರೀತಿಯ ಪ್ರಕರಣ ಸಂಖ್ಯೆಯಲ್ಲಿ ಕಾಣುತ್ತಾರೆ. ನೈತಿಕ ತೀರ್ಪಿಗೆ ಬೇಕಾದ ‘ಏಕೆ’ ಎಂಬುದೇ ಅಲ್ಲಿ ಇಲ್ಲ.

ಇನ್ನೊಂದು ಅಪಾಯವಿದೆ. ನಮ್ಮ ಭಾಗದಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನ ನಾಲ್ಕಾರು ಜನ ಒಂದೇ ತಾಲ್ಲೂಕಿನಲ್ಲಿರುತ್ತಾರೆ. ಹೆಸರು ಮಾತ್ರ ನೋಡಿ ‘ಇವನೇ’ ಎಂದು ಹೇಳಿದರೆ ಅದು ಸುಳ್ಳು ಅಪವಾದವಾಗುತ್ತದೆ. ದಾವೆ ಹೂಡಿದ್ದನ್ನು ನೋಡಿದವನು ಅದು ರಾಜಿಯಾದದ್ದನ್ನೋ ನ್ಯಾಯಾಲಯ ಋಣವಿಮೋಚನೆ ಕೊಟ್ಟದ್ದನ್ನೋ ನೋಡಲು ಮತ್ತೆ ಹೋಗುವುದಿಲ್ಲ.

ಸಾಲ ತೀರಿಸಲಾರದ ಸ್ಥಿತಿಯೇ ಅಪರಾಧವಲ್ಲ ಎಂಬುದನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ದುರುದ್ದೇಶವಿಲ್ಲದೆ, ಕೇವಲ ಕೈಯಲ್ಲಿ ಹಣವಿಲ್ಲವೆಂದು ಯಾರನ್ನೂ ಸಿವಿಲ್ ಸೆರೆಗೆ ಕಳಿಸಬಾರದೆಂದು ಅದು ತೀರ್ಪಿತ್ತಿತು. ನ್ಯಾಯಾಧೀಶರು ಸೆರೆಗೆ ಕಳಿಸದವನನ್ನು ನಾವು ಊರಿನ ಬಾಯಿಗೆ ಒಪ್ಪಿಸುವುದು ಯಾವ ನ್ಯಾಯ?

ಸತ್ಯವನ್ನು ಹೇಳುವುದೂ ಪಾಪವಾಗಬಲ್ಲದೇ?

ಎಂಟನೆಯ ದೈವಾಜ್ಞೆ ಸುಳ್ಳುಸಾಕ್ಷಿಯನ್ನು ನಿಷೇಧಿಸುತ್ತದೆಂದು ನಾವೆಲ್ಲ ಬಾಲ್ಯದ ಸತ್ಯೋಪದೇಶ ತರಗತಿಯಲ್ಲಿಯೇ ಕಲಿತಿದ್ದೇವೆ. ಅದೇ ಆಜ್ಞೆ ಸತ್ಯದ ದುರ್ಬಳಕೆಯನ್ನೂ ನಿಷೇಧಿಸುತ್ತದೆ ಎಂಬುದನ್ನು ಮರೆತಿದ್ದೇವೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಸತ್ಯೋಪದೇಶ ಗ್ರಂಥವು 2477ನೆಯ ಪರಿಚ್ಛೇದದಲ್ಲಿ ಪರದೂಷಣೆಯನ್ನು ಸುಳ್ಳು ಅಪವಾದದಿಂದ ಬೇರ್ಪಡಿಸುತ್ತದೆ. ಅಪವಾದವೆಂದರೆ ಸುಳ್ಳು ಹೇಳಿ ಮಾನ ಕಳೆಯುವುದು. ಪರದೂಷಣೆಯೆಂದರೆ ಒಬ್ಬರ ನಿಜವಾದ ಕುಂದನ್ನೇ ತಕ್ಕ ಕಾರಣವಿಲ್ಲದೆ, ಅದನ್ನು ತಿಳಿಯದವರಿಗೆ ತಿಳಿಸುವುದು. ಸತ್ಯವನ್ನು ತಿಳಿಯುವ ಹಕ್ಕಿಲ್ಲದವರಿಗೆ ಅದನ್ನು ಹೇಳುವ ಬಾಧ್ಯತೆ ಯಾರಿಗೂ ಇಲ್ಲವೆಂದು 2489ನೆಯ ಪರಿಚ್ಛೇದ ಕಲಿಸುತ್ತದೆ.

‘ಆದರೆ ಸ್ವಾಮಿ, ಅದು ಗುಟ್ಟಲ್ಲ, ರಾಜಪತ್ರದಲ್ಲಿಯೇ ಬಂದಿದೆ’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಲ್ಲಿ ಏಕೆ ಬಂದಿದೆ ಎಂಬುದನ್ನು ನೋಡಿ. ಸಾಲ ಕೊಟ್ಟವರು ತಮ್ಮ ಲೆಕ್ಕ ತಂದು ಪಾಲು ಕೇಳಲಿ, ಹೊಸದಾಗಿ ವ್ಯವಹಾರ ಮಾಡುವವರು ಎಚ್ಚರವಾಗಿರಲಿ ಎಂದು. ನ್ಯಾಯಾಲಯಗಳು ಬಾಗಿಲು ತೆರೆದು ಕುಳಿತಿರುವುದು ನ್ಯಾಯಾಧೀಶರು ಗುಟ್ಟಿನಲ್ಲಿ ಅನ್ಯಾಯ ಮಾಡದಿರಲೆಂದು. ಪ್ರಕಟಣೆಗೆ ಒಂದು ಉದ್ದೇಶವಿದೆ. ಆ ಉದ್ದೇಶವೇ ಅದರ ಮೇರೆ. ಗುಜರಾತ್ ಹೈಕೋರ್ಟಿನ ನಿಯಮವೊಂದರ ಬಗ್ಗೆ 2020ರಲ್ಲಿ ತೀರ್ಪು ಕೊಟ್ಟ ಸರ್ವೋಚ್ಚ ನ್ಯಾಯಾಲಯ, ಪ್ರಕರಣಕ್ಕೆ ಸಂಬಂಧಪಡದ ಮೂರನೆಯವರು ಕಡತದ ನಕಲು ಬೇಕೆಂದರೆ ಕಾರಣ ಹೇಳಬೇಕೆಂಬುದನ್ನು ಎತ್ತಿಹಿಡಿಯಿತು. ನ್ಯಾಯಾಲಯವೇ ‘ಏಕೆ?’ ಎಂದು ಕೇಳಬಹುದಾದರೆ ನಮ್ಮ ಮನಸ್ಸಾಕ್ಷಿ ಕೇಳಬಾರದೇ?

ನೋಡಲೇಬೇಕಾದ ಸಂದರ್ಭಗಳು

ಇದರರ್ಥ ಕಣ್ಣು ಮುಚ್ಚಿಕೊಂಡಿರಬೇಕು ಎಂದಲ್ಲ. ಜಮೀನು ಕೊಳ್ಳುವವನು ಪಹಣಿ, ಋಣಭಾರ ಪತ್ರ, ನ್ಯಾಯಾಲಯದ ತಡೆಯಾಜ್ಞೆ ನೋಡದೆ ಹಣ ಕೊಟ್ಟರೆ ಅದು ಔದಾರ್ಯವಲ್ಲ, ತನ್ನ ಮಕ್ಕಳ ಅನ್ನದ ಬಗ್ಗೆ ಅಜಾಗರೂಕತೆ. ಜಾಮೀನಿಗೆ ಸಹಿ ಹಾಕುವವನು ಸಾಲಗಾರನ ಸ್ಥಿತಿ ತಿಳಿಯಬೇಕು. ಸಿರಾಖನ ಗ್ರಂಥದ 29ನೆಯ ಅಧ್ಯಾಯ ಎರಡನ್ನೂ ಹೇಳುತ್ತದೆ: ಒಳ್ಳೆಯವನು ನೆರೆಯವನಿಗಾಗಿ ಹೊಣೆ ನಿಲ್ಲುತ್ತಾನೆ, ಹಾಗೆ ನಿಂತು ಹಾಳಾದವರೂ ಬಹಳ, ಆದ್ದರಿಂದ ಶಕ್ತಿಯನ್ನು ಅಳೆದು ಸಹಾಯ ಮಾಡು. ಸಂಘದ ಹಣ ಯಾರ ಕೈಗೆ ಕೊಡಬೇಕೆಂದು ಆರಿಸುವವರೂ ವಿಚಾರಿಸಬೇಕು.

ಮದುವೆಯ ಮಾತಿನಲ್ಲಿ ಇದು ಇನ್ನೂ ಸೂಕ್ಷ್ಮ. ದೇವಾಲಯದಲ್ಲಿ ವಿವಾಹದ ಪ್ರಕಟಣೆ ಓದಿದಾಗ ವಿವಾಹಕ್ಕೆ ಅಡ್ಡಿಯಿದ್ದರೆ ತಿಳಿಸುವ ಕರ್ತವ್ಯ ಭಕ್ತಾದಿಗಳಿಗಿದೆ. ಸಾಲ ಅಂಥ ಅಡ್ಡಿಗಳಲ್ಲಿ ಒಂದಲ್ಲ. ಅದನ್ನು ಗುರುಗಳ ಕಿವಿಗೆ ಊದಲು ಬರಬೇಕಿಲ್ಲ. ಆದರೆ ಹುಡುಗ ಮತ್ತು ಹುಡುಗಿ ತಮ್ಮ ತಲೆಯ ಮೇಲಿರುವ ಸಾಲವನ್ನು ಒಬ್ಬರಿಗೊಬ್ಬರು ಬಿಚ್ಚಿ ಹೇಳಬೇಕು. ನಾಳೆ ಆ ಭಾರವನ್ನು ಇಬ್ಬರೂ ಹೊರಬೇಕಲ್ಲವೇ?

ಮೋಸಗಾರನ ವಿಷಯ ಬೇರೆ. ಚೀಟಿ ಹಣ ಕೂಡಿಸಿ ಒಂದು ಊರಿನಲ್ಲಿ ಮುಳುಗಿಸಿ, ಲಕ್ಷ್ಮೇಶ್ವರಕ್ಕೋ ಶಿರಹಟ್ಟಿಗೋ ಬಂದು ಮತ್ತೆ ಅದೇ ಅಂಗಡಿ ತೆರೆಯುವವನ ಬಗ್ಗೆ ತಿಳಿದವನು ಬಾಯಿ ಮುಚ್ಚಿದರೆ ಬಡವರ ನಷ್ಟದಲ್ಲಿ ಅವನಿಗೂ ಪಾಲಿದೆ. ಒಳಿತಿಗಾಗಿ, ಅಗತ್ಯವಿದ್ದು, ಸಂದರ್ಭವರಿತು ಇತರರ ಕುಂದನ್ನು ಹೇಳುವುದು ಪರದೂಷಣೆಯಾಗದು ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ಪರದೂಷಣೆಯನ್ನು ತಡೆಯದೆ ಸುಮ್ಮನೆ ಕೇಳುವವನೂ ಪಾಪದಲ್ಲಿ ಭಾಗಿ ಎಂದೂ ಅವರೇ ಹೇಳಿದ್ದಾರೆ. ಹೇಳುವವನು ನಷ್ಟಕ್ಕೀಡಾಗಬಹುದಾದವರಿಗೆ ಹೇಳಲಿ, ಬೇಕಾದಷ್ಟೇ ಹೇಳಲಿ.

ಕಣಗಿನಹಾಳದ ಪಾಠ

ಹಾಗಾದರೆ ತಿಳಿಯುವ ಹಕ್ಕು ಯಾರಿಗಿದೆ ಎಂದು ಅಳೆಯುವುದು ಹೇಗೆ? ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಅದಕ್ಕೆ ಆಧಾರವಾದ 1904ರ ಕಾಯಿದೆಯಲ್ಲಿ ಗ್ರಾಮೀಣ ಸಂಘಗಳ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ತನ್ನ ಸಾಲ ತೀರಿಸಲಾರದೆ ಹೋದರೆ ಉಳಿದವರ ಆಸ್ತಿಯೂ ಅದಕ್ಕೆ ಬಾಧ್ಯ. ಆದ್ದರಿಂದ ಅಂಥ ಸಂಘದಲ್ಲಿ ನೆರೆಯವನಿಗೆ ಎಷ್ಟು ಸಾಲವಿದೆಯೆಂದು ಕೇಳುವುದು ಕೆಟ್ಟ ಕುತೂಹಲವಲ್ಲ. ಕೇಳುವವನು ಆ ಭಾರಕ್ಕೆ ತನ್ನ ಹೆಗಲನ್ನೂ ಕೊಟ್ಟಿರುತ್ತಾನೆ.

ಪ್ರಿಯ ವಾಚಕರೇ, ಇದೇ ನಮಗೆ ಅಳತೆಗೋಲು. ತಿಳಿಯುವ ಹಕ್ಕು ಹೊರುವ ಹೊಣೆಯೊಂದಿಗೆ ಬರುತ್ತದೆ. ಒಬ್ಬರ ಭಾರವನ್ನೊಬ್ಬರು ಹೊರುವುದೇ ಕ್ರಿಸ್ತನ ನಿಯಮವೆಂದು ಸಂತ ಪೌಲರು ಗಲಾತ್ಯರಿಗೆ ಬರೆದರು. ಆ ಸಾಲದಿಂದ ನಿನ್ನ ಮೇಲೆ ಭಾರ ಬೀಳುವುದಾದರೆ, ಇಲ್ಲವೆ ಆ ಭಾರಕ್ಕೆ ಕೈಕೊಡಲು ನೀನು ಸಿದ್ಧನಿದ್ದರೆ ವಿಚಾರಿಸು. ಎರಡೂ ಇಲ್ಲವಾದರೆ ಆ ಕಡತ ನಿನಗಾಗಿ ಇಟ್ಟದ್ದಲ್ಲ.

ಹೊಸ್ತಿಲ ಹೊರಗೆ ನಿಲ್ಲುವ ಸಾಲಗಾರ

ಮೋಶೆಯ ಧರ್ಮಶಾಸ್ತ್ರ ಸಾಲ ಕೊಟ್ಟವನಿಗೇ ಒಂದು ಮೇರೆ ಹಾಕಿತು. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದ ಪ್ರಕಾರ ಅವನು ಒತ್ತೆಯ ವಸ್ತು ತರಲು ಸಾಲ ಪಡೆದವನ ಮನೆಯೊಳಗೆ ನುಗ್ಗಬಾರದು. ಬಾಗಿಲ ಹೊರಗೆ ನಿಲ್ಲಬೇಕು. ಮನೆಯವನೇ ತಂದು ಕೊಡಬೇಕು. ಬೀಸುವ ಕಲ್ಲನ್ನು ಒತ್ತೆಯಾಗಿ ಪಡೆಯಬಾರದು, ಬಡವನ ಹೊದಿಕೆಯನ್ನು ಸಂಜೆಯೊಳಗೆ ಹಿಂದಿರುಗಿಸಬೇಕು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಇದನ್ನೇ ನೆನಪಿಸುತ್ತದೆ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಣ್ಣುಮಗಳು ತೆಗೆಯಬಾರದ ಆಭರಣ, ಕುಶಲಕರ್ಮಿಯ ಉಪಕರಣ, ರೈತನ ಜೀವನಕ್ಕೆ ಬೇಕಾದ ಎತ್ತು ಮತ್ತು ಬಿತ್ತನೆ ಬೀಜ, ಇವನ್ನು ಜಪ್ತಿ ಮಾಡುವಂತಿಲ್ಲ.

ಕಿರುಸಾಲದ ವಸೂಲಿಗಾರರ ಕಿರುಕುಳ ತಾಳದೆ ನಮ್ಮ ರಾಜ್ಯದಲ್ಲಿ ಕುಟುಂಬಗಳು ಊರು ಬಿಟ್ಟಾಗ, ಕೆಲವರು ಪ್ರಾಣವನ್ನೇ ಕಳೆದುಕೊಂಡಾಗ, ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿತ್ತು. ಬಳಿಕ ಅದು ಕಾಯಿದೆಯೂ ಆಯಿತು. ಹಣ ಕೊಟ್ಟವನೇ ಹೊಸ್ತಿಲ ಹೊರಗೆ ನಿಲ್ಲಬೇಕಾದರೆ, ಒಂದು ಪೈಸೆಯನ್ನೂ ಕೊಡದ ನೆರೆಯವನು ಮೊಬೈಲಿನ ಕಿಟಕಿಯಿಂದ ಒಳಗೆ ಇಣುಕಬಹುದೇ?

ಸಾಲ ಪಡೆದವರಿಗೂ ಒಂದು ಮಾತು. ನಿಮ್ಮ ಮಾನ ಕಾಯುವುದು ನಮ್ಮ ಕರ್ತವ್ಯವಾದರೆ, ಸಾಲ ಕೊಟ್ಟವರಿಗೆ ಸತ್ಯ ಹೇಳುವುದು ನಿಮ್ಮ ಕರ್ತವ್ಯ. ದಿವಾಳಿ ಅರ್ಜಿಗೆ ಮುಂಚೆ ಹೊಲವನ್ನು ಬೀಗರ ಹೆಸರಿಗೆ ಮಾಡಿಸುವವನನ್ನು 1920ರ ಕಾಯಿದೆಯೇ ಹಿಡಿಯುತ್ತದೆ: ಹಿಂದಿನ ಎರಡು ವರ್ಷಗಳಲ್ಲಿ ತಕ್ಕ ಬೆಲೆಯಿಲ್ಲದೆ ಮಾಡಿದ ವರ್ಗಾವಣೆಯನ್ನು ನ್ಯಾಯಾಲಯ ರದ್ದು ಮಾಡಬಹುದು. ಕಾನೂನಿನ ಕಣ್ಣು ತಪ್ಪಿಸಿದರೂ ಪಾಪನಿವೇದನೆಯಲ್ಲಿ ಅದು ಪರಿಹಾರ ಕೇಳುವ ಪಾಪವೇ. ಅಂಥವರಿಗೆ ಜಕ್ಕಾಯನ ದಾರಿ ತೆರೆದಿದೆ.

ಕೊನೆಯದಾಗಿ ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯವನ್ನು ಇಂದು ಸಂಜೆ ಮನೆಯವರೆಲ್ಲ ಕುಳಿತು ಓದಿರಿ. ಹತ್ತು ಸಾವಿರ ತಲೆಂತುಗಳ ಸಾಲ ಮನ್ನಾ ಆದವನು ನೂರು ದೆನಾರಿಗಳಿಗಾಗಿ ಜೊತೆಯವನ ಕುತ್ತಿಗೆ ಹಿಡಿದ ಕಥೆ ನಿಮಗೆ ಗೊತ್ತು. ಅಲ್ಲಿ ನಾವು ಗಮನಿಸದೆ ಹೋಗುವ ಜನರಿದ್ದಾರೆ: ಇತರ ಸೇವಕರು. ಅವರೂ ಒಡೆಯನ ಬಳಿ ಹೋಗಿ ವರದಿ ಹೇಳಿದವರೇ. ಆದರೆ ಅವರು ದೂರು ಹೇಳಿದ್ದು ಬಡವನ ಸಾಲದ ಮೇಲಲ್ಲ, ಅವನ ಮೇಲೆ ನಡೆದ ಕ್ರೌರ್ಯದ ಮೇಲೆ. ಅದಕ್ಕಿಂತ ಮೊದಲು ಅವರು ಬಹಳ ನೊಂದುಕೊಂಡರೆಂದು ಶುಭಸಂದೇಶ ತಿಳಿಸುತ್ತದೆ.

ನೆರೆಯವರ ಸಾಲದ ಸುದ್ದಿ ಕೈಗೆ ಬಂದಾಗ ನಮ್ಮ ಎದೆಯಲ್ಲಿ ನೋವಿದೆಯೋ ರುಚಿಯಿದೆಯೋ ಎಂದು ಪರೀಕ್ಷಿಸಿಕೊಳ್ಳೋಣ. ರುಚಿಯಿದ್ದರೆ ಆ ಸುದ್ದಿ ನಮ್ಮಲ್ಲೇ ಸಾಯಲಿ. ನೋವಿದ್ದರೆ, ಈ ವಾರ ಒಂದು ಸೇರು ಜೋಳ ಹಿಡಿದು ಆ ಮನೆಯ ಬಾಗಿಲಿಗೆ ಹೋಗಿ, ಹೊಸ್ತಿಲ ಹೊರಗೆ ನಿಂತು, ‘ಹೇಗಿದ್ದೀರಿ?’ ಎಂದು ಕೇಳೋಣ. ಎಲ್ಲರ ಋಣವನ್ನೂ ಬಲ್ಲ ಪ್ರಭು ಯಾರ ಋಣವನ್ನೂ ಬೀದಿಗೆ ತರಲಿಲ್ಲ. ಆತ ಅದನ್ನು ಶಿಲುಬೆಯ ಮೇಲೆ ತಾನೇ ಹೊತ್ತನು. ಆತನ ಕೃಪೆ ನಿಮ್ಮ ಕುಟುಂಬಗಳ ಮೇಲಿರಲಿ.