ಸುತ್ತುದಾರಿಯ ಋಣ

ಗೊತ್ತುಗುರಿಯಿಲ್ಲದೆ ನಡೆದಾಡಿ ಬರುವುದರಲ್ಲಿ ತಪ್ಪೇನಾದರೂ ಉಂಟೆ? ಈ ಪ್ರಶ್ನೆಯನ್ನು ಕೇಳಿ ಓದುಗರಲ್ಲಿ ಕೆಲವರು ನಕ್ಕಾರು. ಬೆಳಗಿನ ತಂಪಿನಲ್ಲಿ ನಾಲ್ಕು ಹೆಜ್ಜೆ ಹಾಕುವುದು ಮೈಗೆ ಹಿತ, ಮನಸ್ಸಿಗೂ ಹಿತ. ಅದರಿಂದ ಯಾರ ಗಂಟೂ ಹೋಗುವುದಿಲ್ಲ. ಇಲ್ಲಿ ಧರ್ಮಾಧರ್ಮಗಳ ವಿಚಾರಕ್ಕೆ ಎಡೆಯೆಲ್ಲಿ ಎಂದು ಅವರು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆನು. ಕಾಫಿಯ ಕುಯ್ಲಿನ ಕಾಲದಲ್ಲಿ ಮೂಡಿಗೆರೆಯ ಸೀಮೆಯಲ್ಲಿ ಕಳೆದ ಕೆಲವು ದಿನಗಳು ನನ್ನ ಆ ನಿಶ್ಚಿಂತೆಯನ್ನು ಕದಡಿದವು. ನಡೆದ ಸಂಗತಿ ಬಲು ಚಿಕ್ಕದು. ಆದರೆ ಅದು ಎಬ್ಬಿಸಿದ ವಿಚಾರವು ಚಿಕ್ಕದಲ್ಲವೆಂದು ತೋರಿದುದರಿಂದ ಇಲ್ಲಿ ಬರೆಯಲು ಮನಸ್ಸು ಮಾಡಿದ್ದೇನೆ.

ಕೊಟ್ಟಿಗೆಹಾರವನ್ನು ದಾಟಿ ಕಳಸದ ಕಡೆಗೆ ಹೋಗುವ ದಾರಿಯ ಒಂದು ಮಗ್ಗುಲಿನಲ್ಲಿ ನನ್ನ ಮಿತ್ರರೊಬ್ಬರ ತೋಟವಿದೆ. ಅವರ ಮನೆಯ ಮುಂದಿನ ಕಣದಿಂದ ಹೊರಟು ಮತ್ತೆ ಅದೇ ಕಣಕ್ಕೆ ಬಂದು ಸೇರುವ ಕಾಲುದಾರಿಯೊಂದುಂಟು. ಹೆಚ್ಚೆಂದರೆ ಮೂರು ಮೈಲಿ. ಆತುರವಿಲ್ಲದೆ ನಡೆದರೆ ಎರಡು ಗಂಟೆ ಹಿಡಿಯುವುದು. ಕಷ್ಟದ ಏರು ಎಲ್ಲಿಯೂ ಇಲ್ಲ. ಮೊದಲು ಅರೇಬಿಕಾ ಗಿಡಗಳ ಸಾಲುಗಳ ನಡುವೆ ಇಳಿದು ಹೋಗಬೇಕು. ಎರಡು ಕಡೆಯಲ್ಲಿಯೂ ಹಣ್ಣಾದ ಕಾಫಿಯು ಗೆಣ್ಣುಗೆಣ್ಣಿಗೂ ಕೆಂಪಗೆ ಕಚ್ಚಿಕೊಂಡಿರುವುದು. ಮೇಲೆ ಹಲಸು, ಅತ್ತಿ, ನಂದಿ, ಸಿಲ್ವರ್ ಓಕ್ ಮರಗಳ ನೆರಳು. ಮರಮರಕ್ಕೂ ಹಬ್ಬಿದ ಮೆಣಸಿನ ಬಳ್ಳಿ. ಯೂರೋಪಿನ ಜನರು ದ್ರಾಕ್ಷಿಯ ತೋಟಗಳನ್ನೂ ಕಾಡನ್ನೂ ಹಾದುಬರುವ ಇಂತಹ ಸುತ್ತುದಾರಿಗಳಲ್ಲಿ ವಿಹರಿಸುವುದನ್ನು ದೊಡ್ಡ ಸುಖವೆಂದು ಎಣಿಸುತ್ತಾರೆ. ಅವರ ದ್ರಾಕ್ಷಿಯ ಬಳ್ಳಿಗೆ ನಮ್ಮ ಮೆಣಸಿನ ಬಳ್ಳಿಯು ಯಾವುದರಲ್ಲಿಯೂ ಕಡಿಮೆಯಲ್ಲ. ತೋಟವನ್ನು ದಾಟಿದರೆ ಹಳ್ಳ. ಹಳ್ಳದಾಚೆ ಕೊಯ್ಲಾದ ಗದ್ದೆಯ ಬದು. ಬದುವಿನ ಕೊನೆಗೆ ಕಾಡು. ಕಾಡಿನಿಂದ ಹೊರಬಿದ್ದು ಹುಲ್ಲುಗುಡ್ಡದ ಓರೆಗೆ ಬಂದರೆ ಪಡುವಣ ಘಟ್ಟದ ಸಾಲು ಒಂದರ ಹಿಂದೊಂದು ನೀಲಿಯಾಗಿ ಕಾಣುವುದು. ಬಳಿಕ ದಾರಿಯು ಕೂಲಿಗಾರರ ಲೈನುಮನೆಗಳ ಹಿತ್ತಿಲನ್ನು ಬಳಸಿ ಕಣಕ್ಕೆ ಮರಳುತ್ತದೆ.

ತೋಟ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಮೊದಲಾಯಿತು ಎಂಬುದು ಮೊದಲ ದಿನ ನನಗೆ ತಿಳಿಯಲೇ ಇಲ್ಲ. ಬ್ರೆಜಿಲ್ ದೇಶದಲ್ಲಿ ಕಾಫಿಯನ್ನು ಬಹುಮಟ್ಟಿಗೆ ತೆರೆದ ಬಿಸಿಲಿನಲ್ಲಿಯೇ ಬೆಳೆಯುತ್ತಾರೆ. ನಮ್ಮ ಬೆಟ್ಟಗಳಲ್ಲಿ ಅದು ಮರದ ನೆರಳಿನ ಬೆಳೆ. ಆದುದರಿಂದ ತೋಟವೇ ಕಾಡಿನಂತೆ ಕಾಣುವುದು. ಮನೆಗೆ ಬಂದು ಪ್ರಕೃತಿಯ ಸಹಜಸೌಂದರ್ಯವನ್ನು ಬಾಯ್ತುಂಬ ಹೊಗಳಿದೆನು. ಮಿತ್ರರು ನಕ್ಕು, “ಆ ಸಹಜಕ್ಕೆ ನಾನು ವರ್ಷವರ್ಷವೂ ಕೂಲಿ ಕೊಡುತ್ತಿದ್ದೇನೆ” ಎಂದರು. ಅವರು ವಿವರಿಸಿದ ಮೇಲೆ ನನಗೆ ಅರ್ಥವಾಯಿತು. ನೆರಳು ಮಿತಿಮೀರಿದರೆ ಫಸಲು ಇಳಿಯುವುದು. ತೀರ ಕಡಿಮೆಯಾದರೆ ಅರೇಬಿಕಾ ಗಿಡಕ್ಕೆ ಕಾಂಡಕೊರಕದ ಕಾಟ ಹೆಚ್ಚುವುದು. ಆದುದರಿಂದ ಆಳುಗಳು ಮರವೇರಿ, ಕತ್ತಿಯಿಂದ ಕೊಂಬೆಗಳನ್ನು ಸವರಿ, ಬೇಕಾದಷ್ಟೇ ಬಿಸಿಲನ್ನು ಕೆಳಗೆ ಬಿಡಬೇಕು. ಇದಕ್ಕೆ ಮರಗಸಿ ಎಂದು ಹೆಸರು. ಕಾಲು ಜಾರಿದರೆ ಪ್ರಾಣಕ್ಕೇ ಅಪಾಯ. ನಾನು ತಲೆಯೆತ್ತಿ ಆನಂದಪಟ್ಟ ಆ ನೆರಳುಬೆಳಕಿನ ಚಿತ್ತಾರವು ಹೀಗೆ ಯಾರೋ ಜೀವವನ್ನು ಕೈಯಲ್ಲಿ ಹಿಡಿದು ಮಾಡಿದ ಕೆಲಸವಾಗಿದ್ದಿತು. ನನ್ನ ಕಾಲ ಕೆಳಗಿನ ದಾರಿಯೂ ತಾನಾಗಿ ಆದುದಲ್ಲ. ಹೊರೆ ಹೊತ್ತು ನಡೆದವರ ಪಾದಗಳು ಸವೆಯಿಸಿ ಮಾಡಿದ ದಾರಿ ಅದು.

ಎರಡನೆಯ ದಿನ ಸಂಜೆ ಅದೇ ದಾರಿಯಲ್ಲಿ ಇಳಿಯುತ್ತಿದ್ದೆನು. ಅಂದಿನ ಹಣ್ಣನ್ನು ತೂಕಕ್ಕೆ ಕೊಂಡೊಯ್ಯುವ ಹೊತ್ತು. ಇಳಿಜಾರಿನ ಇಕ್ಕಟ್ಟಿನಲ್ಲಿ ವಯಸ್ಸಾದ ಹೆಂಗಸೊಬ್ಬಳು ತಲೆಯ ಮೇಲೆ ಹಣ್ಣಿನ ಚೀಲವನ್ನು ಹೊತ್ತು ಎದುರಾಗಿ ಏರಿ ಬಂದಳು.

“ಎತ್ಲಾಗೆ ಹೊಂಟ್ರಿ ಅಯ್ಯಾ?” ಎಂದು ಕೇಳಿದಳು.

“ಎಲ್ಲಿಗೂ ಇಲ್ಲಮ್ಮ, ಸುಮ್ಮನೆ ಒಂದು ಸುತ್ತು ಹಾಕಿ ಬರುತ್ತೇನೆ” ಎಂದೆನು.

“ಸುಮ್ನೇನಾ?” ಎಂದು ಅವಳು ಅಚ್ಚರಿಯಿಂದ ನಕ್ಕಳು. “ನೋಡ್ಕಂಡ್ ಹೋಗಿ, ಹಳ್ಳದ ತಾವ ಜಾರ್ತದೆ.”

ಇಷ್ಟು ಹೇಳಿ ಅವಳು ದಾರಿಯನ್ನು ಬಿಟ್ಟು ಕೆಳಗಿನ ಓರೆಗೆ ಇಳಿದು, ಒಂದು ಕೈಯಿಂದ ಗಿಡದ ರೆಂಬೆಯನ್ನು ಹಿಡಿದು, ಹೊರೆಯೊಡನೆ ನಿಂತಳು. ನಾನು ಸಂತೋಷವಾಗಿ ಮುಂದೆ ನಡೆದೆನು. ಹಳ್ಳದ ಬಳಿಗೆ ಬಂದು, ಅವಳು ಹೇಳಿದ್ದಂತೆಯೇ ಕಾಲು ಜಾರಿದಾಗ ಮಾತ್ರ ನನಗೆ ಎಚ್ಚರವಾಯಿತು. ಬರಿಗೈಯಲ್ಲಿದ್ದವನು ನಾನು, ಹೊರೆ ಹೊತ್ತವಳು ಅವಳು. ದಾರಿ ಬಿಡಬೇಕಾದವರು ಯಾರು? ಬಿಟ್ಟವರು ಯಾರು?

ಈ ವಿಷಯವನ್ನು ನಮ್ಮ ಹಿರಿಯರು ವಿಚಾರಿಸದೆ ಇಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಎಂತೆಂತಹವರಿಗೆ ದಾರಿಯನ್ನು ಬಿಟ್ಟುಕೊಡಬೇಕೆಂದು ಹೇಳಿದೆ. ಅಲ್ಲಿ ರಥಾರೂಢನೂ, ತೀರ ಮುಪ್ಪಿನವನೂ, ರೋಗಿಯೂ, ಹೊರೆ ಹೊತ್ತವನೂ, ಸ್ತ್ರೀಯೂ, ಸ್ನಾತಕನೂ, ರಾಜನೂ, ಮದುವಣಿಗನೂ ಒಂದೇ ಸಾಲಿನಲ್ಲಿ ಬಂದಿದ್ದಾರೆ. ಹುಟ್ಟಿನ ಮೇಲೆ ಮನುಷ್ಯರನ್ನು ಮೇಲುಕೀಳೆಂದು ಬೇರ್ಪಡಿಸಿ ಎಷ್ಟೋ ಅನ್ಯಾಯಕ್ಕೆ ಆಧಾರವಾದ ಗ್ರಂಥವದು. ಅಂತಹ ಗ್ರಂಥವೂ ಹೊರೆ ಹೊತ್ತವನನ್ನು ಮರೆಯಲಿಲ್ಲ; ಅದನ್ನು ಓದಿ, ಅದರ ದೋಷಗಳನ್ನು ಖಂಡಿಸಿ ಮಾತನಾಡಬಲ್ಲ ನಾನು ಮರೆತೆನು. ಹೊರೆಯನ್ನು ಹೊತ್ತವಳೆಂಬುದು ಒಂದು, ಹೆಂಗಸೆಂಬುದು ಒಂದು, ಹೀಗೆ ಎರಡು ಕಾರಣಗಳಿಂದ ದಾರಿಯು ಅವಳದಾಗಿದ್ದಿತು.

ರಾತ್ರಿ ಊಟವಾದ ಮೇಲೆ ಮಿತ್ರರಿಗೆ ಇದನ್ನು ಹೇಳಿದೆನು. ಅವರು ಸಜ್ಜನರು, ನನ್ನ ವ್ಯಥೆಯನ್ನು ಹಗುರಮಾಡಬೇಕೆಂದು, “ಅವಳು ಕೆಲಸಕ್ಕೆ ತಕ್ಕ ಕೂಲಿಯನ್ನು ಪಡೆಯುತ್ತಾಳೆ. ನೀವು ಅವಳಿಗೆ ಯಾವ ಕೇಡನ್ನೂ ಮಾಡಲಿಲ್ಲ. ಇಷ್ಟು ಸೂಕ್ಷ್ಮವಾಗಿ ನೋಡುತ್ತ ಹೋದರೆ ಹೂವಿನ ಚೆಲುವನ್ನು ಕಂಡು ಹಿಗ್ಗುವುದೂ ಪಾಪವಾದೀತು” ಎಂದರು. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಸುಖಪಟ್ಟುದಕ್ಕೆಲ್ಲ ತನ್ನನ್ನು ತಾನು ಹಳಿದುಕೊಳ್ಳುವುದು ಧರ್ಮವಲ್ಲ. ಅದರಿಂದ ಅವಳ ತಲೆಯ ಚೀಲವೇನೂ ಹಗುರವಾಗದು. ಆದರೆ ಕೂಲಿಯ ಮಾತು ನನಗೆ ಸಮಾಧಾನವನ್ನು ತರಲಿಲ್ಲ. ಕೂಲಿ ಸಾಕೋ ಸಾಲದೋ ಎಂಬುದು ಬೇರೆಯ ಪ್ರಶ್ನೆ. ಅಂತೂ ಅದನ್ನು ಕೊಟ್ಟವರು ಅವರು, ಕೊಟ್ಟುದು ಹಣ್ಣಿಗಾಗಿ. ನಾನು ಪಡೆದ ಆನಂದಕ್ಕೆ ಯಾರೂ ಬೆಲೆಯನ್ನು ಕಟ್ಟಿರಲಿಲ್ಲ, ನಾನೂ ಏನನ್ನೂ ಕೊಟ್ಟಿರಲಿಲ್ಲ. ದೇವಋಣ, ಋಷಿಋಣ, ಪಿತೃಋಣಗಳೆಂದು ಮೂರು ಋಣಗಳನ್ನು ಹೇಳುವುದು ರೂಢಿ. ಶತಪಥಬ್ರಾಹ್ಮಣವು ಇವುಗಳ ಜೊತೆಗೆ ಮನುಷ್ಯಋಣವೆಂಬ ನಾಲ್ಕನೆಯದನ್ನು ಸೇರಿಸಿ, ಅನ್ನವನ್ನೂ ತಂಗಲು ಎಡೆಯನ್ನೂ ಕೊಟ್ಟು ಅದನ್ನು ತೀರಿಸಬೇಕೆನ್ನುತ್ತದೆ. ಹಣದಿಂದ ಅಳೆಯಲಾಗದ ಋಣವನ್ನು ನಡತೆಯಿಂದಲೇ ತೀರಿಸಬೇಕೆಂಬುದು ಇದರ ಅಭಿಪ್ರಾಯವೆಂದು ನಾನು ತಿಳಿಯುತ್ತೇನೆ.

ಈ ಸೀಮೆಯ ಕಾಫಿಯ ಚರಿತ್ರೆಯನ್ನು ಹೇಳುವಾಗ ಬಾಬಾ ಬುಡನ್ ಅವರು ಯೆಮೆನ್ ದೇಶದ ಮೋಖಾದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣಪರ್ವತದಲ್ಲಿ ನೆಟ್ಟರೆಂಬ ಐತಿಹ್ಯದಿಂದ ಮೊದಲು ಮಾಡುತ್ತೇವೆ. 1915ರಲ್ಲಿ ಕೊಪ್ಪದಲ್ಲಿ ಮೊದಲಾಗಿ 1925ರಲ್ಲಿ ಬಾಳೆಹೊನ್ನೂರಿನಲ್ಲಿ ನೆಲೆನಿಂತ ಸಂಶೋಧನೆಯ ಕೇಂದ್ರವನ್ನೂ ಸ್ಮರಿಸುತ್ತೇವೆ. ಅದೆಲ್ಲ ಯುಕ್ತವೇ. ಆದರೆ ಬೀಜವು ಏಳೇ ಆದರೂ ಅದರ ಮುಂದಿನ ಬೆಳೆಯನ್ನು ಹೊತ್ತ ತಲೆಗಳಿಗೆ ಲೆಕ್ಕವಿಲ್ಲ. ಘಟ್ಟದ ಕೆಳಗಿನ ತುಳುವರು, ತಮಿಳು ಸೀಮೆಯವರು, ಬಯಲುಸೀಮೆಯ ಬಡವರು ಮೇಸ್ತ್ರಿಗಳ ಹಿಂದೆ ಈ ಬೆಟ್ಟಗಳನ್ನು ಏರಿ ಬಂದರು. ಈಚೆಗೆ ದೂರದ ಅಸ್ಸಾಮಿನಿಂದಲೂ ಬರುತ್ತಿದ್ದಾರೆ. ತೋಟದ ಕೆಲಸಗಾರರಿಗೆ ವಸತಿ, ಚಿಕಿತ್ಸೆ, ಕೂಸುಗಳ ಪಾಲನೆ ಮೊದಲಾದುವನ್ನು ಒದಗಿಸಬೇಕೆಂದು 1951ರಲ್ಲಿ ಕಾಯಿದೆಯೊಂದಾಯಿತು. ಅದು ಮಾಲಿಕನ ಹೊಣೆಯನ್ನು ಗೊತ್ತುಮಾಡಿತು. ದಾರಿಹೋಕನ ಹೊಣೆಯನ್ನು ಗೊತ್ತುಮಾಡುವ ಕಾಯಿದೆ ಎಲ್ಲಿಯೂ ಇರಲಾರದು. ಅದನ್ನು ಅವನ ಅಂತಃಕರಣಕ್ಕೇ ಬಿಟ್ಟಿದೆ.

ಅಮೆರಿಕದ ಥೋರೋ ಮಹಾಶಯನು ನಡಿಗೆಯ ಮೇಲೆ ಒಂದು ಪ್ರಬಂಧವನ್ನು ಬರೆದನು. ಅದು 1862ರಲ್ಲಿ, ಅವನು ತೀರಿಕೊಂಡ ಕೆಲವೇ ದಿನಗಳ ಮೇಲೆ, ಅಚ್ಚಾಯಿತು. ಹೊರಟ ಮನೆಗೇ ಸಂಜೆಗೆ ಮರಳಿ ಬರುವ ನಡಿಗೆ ಅವನಿಗೆ ರುಚಿಸಲಿಲ್ಲ. ಹಿಂದಿರುಗೆನೆಂಬ ಧೈರ್ಯದಿಂದ ಹೊರಡಬೇಕೆಂದು ಅವನ ಮತ. ನಮ್ಮ ದೇಶದಲ್ಲಿ ಹೊರಟಲ್ಲಿಗೇ ಮರಳುವ ನಡಿಗೆಗೆ ಬಹಳ ಗೌರವವುಂಟು. ಅದಕ್ಕೆ ಪ್ರದಕ್ಷಿಣೆಯೆಂದು ಹೆಸರು. ಕಳಸದಲ್ಲಿ ಕಲಶೇಶ್ವರನ ಗುಡಿಯನ್ನು ಸುತ್ತುವವನು ಎಷ್ಟು ದೂರ ನಡೆದೆನೆಂದು ಲೆಕ್ಕವಿಡುವುದಿಲ್ಲ. ನಡುವೆ ಯಾರಿದ್ದಾರೆಂಬ ನೆನಪೇ ಅವನಿಗೆ ಮುಖ್ಯ. ಆ ನೆನಪು ತಪ್ಪಿದರೆ ಪ್ರದಕ್ಷಿಣೆಯು ಗಾಣದೆತ್ತಿನ ಸುತ್ತಾಗುವುದು. ಹಾಗಾದರೆ ನನ್ನ ಮೂರು ಮೈಲಿಯ ಸುತ್ತಿನ ನಡುವೆ ಏನಿದ್ದಿತು? ಕಾಫಿಯ ಗಿಡ, ಹಳ್ಳ, ಗದ್ದೆ, ಲೈನುಮನೆ, ಇವುಗಳಲ್ಲಿ ದುಡಿಯುವ ಜನ. ಅವರನ್ನು ನಡುವಿನಲ್ಲಿಟ್ಟು ಬಳಸಿ ಬಂದಿದ್ದೆನು. ಆದರೆ ಕಣ್ಣೆಲ್ಲ ದೂರದ ನೀಲಿಬೆಟ್ಟಗಳ ಮೇಲಿದ್ದಿತು.

ಮೂರನೆಯ ದಿನ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಹೊರಟೆನು. ಆ ತಾಯಿ ಎದುರಾದಳು. ಈ ಸಲ ನಾನು ಮುಂಚಿತವಾಗಿಯೇ ದಾರಿಯನ್ನು ಬಿಟ್ಟು ಗಿಡಗಳ ನಡುವೆ ನಿಂತೆನು. ಅವಳು ಮುಂದೆ ಬರಲಿಲ್ಲ. ತಾನೂ ಓರೆಗೆ ಇಳಿದು ನಿಂತಳು. “ನೀವು ಹೋಗಿ ಅಯ್ಯಾ” ಎಂದಳು. “ಹೊರೆ ನಿನ್ನದಮ್ಮ, ನೀನು ಹೋಗು” ಎಂದೆನು. ನಡುವೆ ದಾರಿಯು ಬರಿದಾಗಿದ್ದಿತು. ನಾವಿಬ್ಬರೂ ಎರಡು ಮಗ್ಗುಲಿನಲ್ಲಿ ನಿಂತಿದ್ದೆವು. ನನ್ನ ಮರ್ಯಾದೆಯು ಅವಳ ಹೊರೆಯನ್ನು ಇನ್ನಷ್ಟು ಹೊತ್ತು ತಲೆಯ ಮೇಲೆ ನಿಲ್ಲಿಸಿತಲ್ಲಾ ಎಂದು ನನಗೆ ನಾಚಿಕೆಯಾಯಿತು. ಅಜ್ಜಿ, ಮುತ್ತಜ್ಜಿಯರ ಕಾಲದಿಂದ ಬಂದ ಅಂಜಿಕೆಯು ಒಬ್ಬನ ಒಂದು ದಿನದ ಸೌಜನ್ಯದಿಂದ ಹೋಗುವಂತಹದಲ್ಲ. ಕೊನೆಗೆ ನಾನು ಕೈ ಚಾಚಿ ಚೀಲದ ಒಂದು ಮೂಲೆಯನ್ನು ಹಿಡಿದೆನು. ಅವಳು ದಾರಿಗೆ ಏರಿ, ಏನನ್ನೂ ಹೇಳದೆ, ಹಿಂದೆ ನೋಡದೆ ನಡೆದಳು. ಅವಳಿಗೆ ಸಂತೋಷವಾಯಿತೋ ಸಂಕೋಚವಾಯಿತೋ ನಾನರಿಯೆನು.

ಈಗ ನಮ್ಮ ಜಿಲ್ಲೆಯ ಬೆಟ್ಟಗಳಿಗೆ ವಿಹಾರಕ್ಕಾಗಿ ಬರುವವರ ಸಂಖ್ಯೆಯು ಬಹಳವಾಗಿದೆ. ಮುಳ್ಳಯ್ಯನಗಿರಿಯ ದಾರಿಯಲ್ಲಿ ರಜೆಯ ದಿನಗಳಲ್ಲಿ ವಾಹನಗಳ ಸಾಲನ್ನು ಎಲ್ಲರೂ ನೋಡಿದ್ದೇವೆ. ಬರುವವರು ಬರಲಿ; ನೋಡಿ ಹಿಗ್ಗಲಿ. ಚೆಲುವನ್ನು ಕಂಡು ಹಿಗ್ಗುವ ಮನಸ್ಸು ಕೆಟ್ಟ ಮನಸ್ಸಲ್ಲ. ಆದರೆ ಆ ಚೆಲುವು ಯಾರ ಮೈಬೆವರಿನಿಂದ ಉಳಿದು ಬಂದಿದೆಯೆಂಬುದನ್ನು ಅವರೂ, ಮನೆಯವರಾದ ನಾವೂ ತಿಳಿದು ನಡೆಯಬೇಕು. ಇದಕ್ಕೆ ದೊಡ್ಡ ವ್ರತಗಳು ಬೇಕಿಲ್ಲ. ಇಕ್ಕಟ್ಟಿನ ದಾರಿಯಲ್ಲಿ ಹೊರೆ ಎದುರಾದಾಗ ಬರಿಗೈಯವನು ಮೊದಲು ಸರಿದು ನಿಂತರೆ ಅಷ್ಟರಮಟ್ಟಿಗೆ ಋಣ ತೀರಿತು. ಉಳಿದುದನ್ನು ಮರುದಿನದ ನಡಿಗೆಯಲ್ಲಿ ತೀರಿಸಬೇಕು.