ತೀರ್ಪಿನ ದಿನ ಸತ್ತವರೂ ಬರಬೇಕು



ನವೆಂಬರ್ ತಿಂಗಳು ಮೃತರ ತಿಂಗಳು. ಎರಡನೇ ತಾರೀಖಿನಂದು ಸಕಲ ಮೃತ ವಿಶ್ವಾಸಿಗಳ ಸ್ಮರಣೆ. ಮಾರ್ಟಳ್ಳಿ ಕಡೆಯ ತಮಿಳು ಮನೆಮಾತಿನ ಕುಟುಂಬಗಳಿಗೆ ಅದು ‘ಕಲ್ಲರೈ ತಿರುನಾಳ್’. ಸಮಾಧಿಗಳ ಮೇಲಿನ ಕಳೆ ಕಿತ್ತು, ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತೇವೆ. ದೂರದ ಊರುಗಳಿಗೆ ದುಡಿಯಲು ಹೋದವರೂ ಆ ದಿನಕ್ಕೆ ಬಂದು ಅಪ್ಪ ಅಮ್ಮಂದಿರ ಸಮಾಧಿಯ ಬಳಿ ನಿಲ್ಲುತ್ತಾರೆ. ಪವಿತ್ರ ಜಲ ಚಿಮುಕಿಸುತ್ತಾ ಸಾಲಿನಿಂದ ಸಾಲಿಗೆ ಹೋಗುವ ಗುರುವಿಗೆ ಅಲ್ಲಿ ಎದುರಾಗುವ ಪ್ರಶ್ನೆಗಳು ಬಹುಮಟ್ಟಿಗೆ ಎರಡೇ. ಒಂದು: “ಸ್ವಾಮಿ, ಮಣ್ಣಾಗಿ ಹೋದ ದೇಹ ಮತ್ತೆ ಹೇಗೆ ಏಳುತ್ತದೆ?” ಇನ್ನೊಂದು: “ಸತ್ತ ಕೂಡಲೇ ಆತ್ಮಕ್ಕೆ ತೀರ್ಪಾಗುತ್ತದೆ ಅಂತ ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಹಾಗಾದರೆ ಲೋಕಾಂತ್ಯದಲ್ಲಿ ಮತ್ತೊಂದು ತೀರ್ಪು ಯಾಕೆ?”

ಮೊದಲನೆಯದಕ್ಕೆ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೇ ಅಧ್ಯಾಯದಲ್ಲಿ ಉತ್ತರವಿದೆ. ಬಿತ್ತಿದ ಕಾಳು ಮಣ್ಣಿನಲ್ಲಿ ಅಳಿದ ಮೇಲೆಯೇ ಪೈರು ಬರುತ್ತದೆ. ಬಂದ ಪೈರು ಕಾಳಿನ ಹಾಗೆ ಕಾಣುವುದಿಲ್ಲ, ಆದರೂ ಅದು ಆ ಕಾಳಿನದೇ. ರಾಗಿ, ಜೋಳ ಬಿತ್ತುವ ನಿಮಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಮೂಳೆಯ ಚೂರುಗಳನ್ನು ದೇವರು ಹುಡುಕಿ ಜೋಡಿಸುತ್ತಾರೋ ಎಂದು ಲೆಕ್ಕ ಹಾಕುತ್ತಾ ಕೂರುವುದು ಬೇಡ. ಇಲ್ಲದುದರಿಂದ ನಮ್ಮನ್ನು ಉಂಟುಮಾಡಿದವರಿಗೆ ಇದ್ದವರನ್ನು ಎಬ್ಬಿಸುವುದು ಕಷ್ಟವಲ್ಲ.

ಎರಡನೆಯ ಪ್ರಶ್ನೆ ಗಹನವಾದುದು. ಅದಕ್ಕೆ ಉತ್ತರ ಹುಡುಕಲು ನಮ್ಮ ಸೀಮೆಯವರು ರೋಮಿನವರೆಗೆ ಹೋಗಬೇಕಾಗಿಲ್ಲ.

ಈ ಬೆಟ್ಟಗುಡ್ಡಗಳಲ್ಲಿ ಏನೇನು ನಡೆಯಿತೆಂದು ಐವತ್ತು ದಾಟಿದವರಿಗೆಲ್ಲ ನೆನಪಿದೆ. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು, ಶರಣಾಗುತ್ತೇನೆಂಬ ಮಾತು ನಂಬಿ ನಿರಾಯುಧರಾಗಿ ಬಂದವರನ್ನು, ಗೋಪಿನಾಥಂ ಬಳಿಯ ಕಾಡಿನಲ್ಲಿ ವೀರಪ್ಪನ್ ಕೊಂದ. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್.ಪಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಮತ್ತು ಅವರ ಜೊತೆಗಾರರು ಹೊಂಚು ದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು ಪೊಲೀಸರು, ಅರಣ್ಯ ಕಾವಲುಗಾರರು, ಮಾಹಿತಿದಾರರು ಸೇರಿ 22 ಮಂದಿ ಸತ್ತರು. ಅಂದು ಶುಭ ಶುಕ್ರವಾರ. ಇದು ಅನೇಕರಿಗೆ ಮರೆತುಹೋಗಿದೆ.

ಆಮೇಲೆ ನಡೆದದ್ದೂ ನಿಮಗೆ ಗೊತ್ತು. ಮಾರ್ಟಳ್ಳಿ ಸುತ್ತಿನ ಹಳ್ಳಿಗಳಿಂದ ಎಷ್ಟೋ ಜನರನ್ನು ಹಿಡಿದೊಯ್ದು ಟಾಡಾ ಕಾಯ್ದೆಯಲ್ಲಿ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿ ಇಟ್ಟರು. ಕಾರ್ಯಪಡೆಯವರ ಹಿಂಸೆಯ ಬಗ್ಗೆ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿ ವಿಚಾರಣೆ ನಡೆಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಪಾಲಾರ್ ಪ್ರಕರಣದಲ್ಲಿ ನಾಲ್ವರಿಗೆ 2001ರಲ್ಲಿ ಮೈಸೂರಿನ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರಲ್ಲಿ ನಮ್ಮ ಸುತ್ತಿನ ಕಥೋಲಿಕರೂ ಇದ್ದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, 2004ರ ಜನವರಿ 29ರಂದು, ಜೀವಾವಧಿ ಮರಣದಂಡನೆಯಾಯಿತು. 2013ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳು ಕ್ಷಮಾದಾನದ ಅರ್ಜಿಯನ್ನು ತಳ್ಳಿಹಾಕಿದರು. 2014ರ ಜನವರಿ 21ರಂದು, ಅರ್ಜಿ ತೀರ್ಮಾನಿಸಲು ಆದ ವಿಳಂಬವೇ ಅನ್ಯಾಯವೆಂದು ಹೇಳಿ, ಅದೇ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಜೀವಾವಧಿಗೆ ಇಳಿಸಿತು. ಜೀವಾವಧಿ, ಮರಣ, ಮತ್ತೆ ಜೀವಾವಧಿ. ನಾಲ್ಕು ಮನೆಗಳ ಹೆಂಡತಿ ಮಕ್ಕಳು ಅಷ್ಟೂ ವರ್ಷ ಹೇಗೆ ಬದುಕಿದರೆಂದು ಯೋಚಿಸಿ.

ಇವರಲ್ಲಿ ಯಾರು ಎಷ್ಟು ತಪ್ಪಿತಸ್ಥರು ಎಂದು ಹೇಳಲು ನಾನು ಈ ಪುಟದಲ್ಲಿ ಕೂತಿಲ್ಲ. ನಾನು ನಿಮ್ಮ ಗಮನಕ್ಕೆ ತರುವುದು ಬೇರೆ ಸಂಗತಿ. ಇಷ್ಟೆಲ್ಲ ವಿಚಾರಣೆ ನಡೆದಾಗ ಒಬ್ಬರು ಮಾತ್ರ ಯಾವ ಕೋರ್ಟಿಗೂ ಬರಲಿಲ್ಲ: ಸತ್ತವರು. 2000ರಲ್ಲಿ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ, ಅವರನ್ನು ಬಿಡಿಸಿಕೊಳ್ಳಲು ಟಾಡಾ ಬಂದಿಗಳ ಮೇಲಿನ ಆರೋಪ ಹಿಂತೆಗೆಯಲು ಸರ್ಕಾರ ಒಪ್ಪಿತ್ತು. ಆಗ ಶಕೀಲ್ ಅಹ್ಮದ್ ಅವರ ವೃದ್ಧ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿನ ಬಾಗಿಲು ಬಡಿದರು. ಆ ವರ್ಷದ ನವೆಂಬರ್‌ನಲ್ಲಿ ಕೋರ್ಟ್ ಅವರ ಮಾತನ್ನು ಎತ್ತಿಹಿಡಿಯಿತು. ಸತ್ತ ಮಗ ಬಂದು ಕೇಳಲಾರ, ಆದ್ದರಿಂದ ತಂದೆ ಹೋಗಿ ಕೇಳಿದರು. ತಂದೆ ಇಲ್ಲದವರಿಗೆ ಯಾರು ಕೇಳುತ್ತಾರೆ? ಹಿಂಸೆ ತಾಳದೆ ಪ್ರಾಣಬಿಟ್ಟ ಕೂಲಿಯವನಿಗೆ ಯಾರು ಕೇಳುತ್ತಾರೆ?

ಪುನರುತ್ಥಾನವೂ ತೀರ್ಪೂ ಒಟ್ಟಿಗೆ ಬರಲೇಬೇಕೆಂದು ನಾವು ನಂಬುವುದು ಇದಕ್ಕಾಗಿಯೇ. ಸತ್ತವರು ಏಳದೆ ಇದ್ದರೆ ತೀರ್ಪು ಎಂದೆಂದಿಗೂ ಅರ್ಧವೇ. ಅನ್ಯಾಯ ನಡೆದದ್ದು ಬರೀ ಆತ್ಮಕ್ಕಲ್ಲ. ಒಡೆದದ್ದು ಮೂಳೆ, ಸುಟ್ಟದ್ದು ಚರ್ಮ, ಹಸಿದದ್ದು ಹೊಟ್ಟೆ. ಆದ್ದರಿಂದ ನ್ಯಾಯವೂ ಆ ದೇಹಕ್ಕೇ ಸಿಗಬೇಕು. ಪೋಪ್ ಹದಿನಾರನೇ ಬೆನೆಡಿಕ್ಟ್ ಅವರು ಭರವಸೆಯನ್ನು ಕುರಿತು 2007ರಲ್ಲಿ ಬರೆದ ವಿಶ್ವಪತ್ರದಲ್ಲಿ, ನಿತ್ಯಜೀವವನ್ನು ನಂಬಲು ಇರುವ ಅತಿ ಬಲವಾದ ಕಾರಣ ನ್ಯಾಯದ ಪ್ರಶ್ನೆಯೇ ಎಂಬ ಅರ್ಥದಲ್ಲಿ ವಾದಿಸುತ್ತಾರೆ. ಚರಿತ್ರೆಯ ಅನ್ಯಾಯವೇ ಕೊನೆಯ ಮಾತಾಗಿಬಿಡುವುದು ಸಾಧ್ಯವಿಲ್ಲ ಎನ್ನುವುದು ಅವರ ನಿಲುವು. ಹಾಗೆಂದು ಎದ್ದು ಬರುವುದು ತೀರ್ಪಿಗಾಗಿ ಮಾತ್ರವೆಂದು ಭಾವಿಸಬಾರದು. ಯಾವ ಪಾಪವನ್ನೂ ಅರಿಯದ ಹಸುಗೂಸುಗಳೂ ಏಳುತ್ತವೆ ಎಂದು ಎರಡನೇ ಶತಮಾನದ ಅಥೆನಾಗೊರಸರ ಹೆಸರಿನಲ್ಲಿರುವ ಗ್ರಂಥ ನೆನಪಿಸುತ್ತದೆ. ಮಗುವನ್ನು ಮಣ್ಣುಮಾಡಿದ ತಾಯಂದಿರು ಈ ಮಾತನ್ನು ಕೇಳಿಸಿಕೊಳ್ಳಬೇಕು: ದೇವರು ನಮ್ಮನ್ನು ಸೃಷ್ಟಿಸಿದ್ದು ಬದುಕಲು, ಎಬ್ಬಿಸುವುದೂ ಬದುಕಲು.

ಇನ್ನು ಎರಡು ತೀರ್ಪುಗಳ ಮಾತು. ಸಾಯುವ ಗಳಿಗೆಯಲ್ಲಿ ಆಗುವುದು ನನ್ನೊಬ್ಬನ ತೀರ್ಪು. ಆದರೆ ನಾನು ಮಾಡಿದ್ದು ನನ್ನ ಜೊತೆಯೇ ಸಾಯುವುದಿಲ್ಲವಲ್ಲ. ಸಂತ ಥಾಮಸ್ ಅಕ್ವಿನಾಸ್ ಇದನ್ನೇ ಎತ್ತಿ ಹೇಳುತ್ತಾರೆ: ಮನುಷ್ಯನು ಸತ್ತ ಮೇಲೂ ಅವನ ಮಕ್ಕಳಲ್ಲಿ, ಅವನ ಹೆಸರಿನಲ್ಲಿ, ಅವನು ಮಾಡಿದ ಕೆಲಸಗಳ ಫಲದಲ್ಲಿ ಉಳಿದಿರುತ್ತಾನೆ, ಅವೆಲ್ಲ ಮುಗಿಯುವ ತನಕ ಅವನ ಲೆಕ್ಕ ಪೂರ್ತಿಯಾಗುವುದಿಲ್ಲ. ಒಬ್ಬನು ಹಳೇ ಜಮೀನಿನ ದ್ವೇಷಕ್ಕೆ ಪಕ್ಕದ ಮನೆಯವನ ಹೆಸರನ್ನು ಪೊಲೀಸರ ಕಿವಿಗೆ ಹಾಕಿದ ಎಂದಿಟ್ಟುಕೊಳ್ಳಿ. ಹೇಳಲು ಹಿಡಿದದ್ದು ಒಂದು ನಿಮಿಷ. ಅವನು ಒಳ್ಳೆಯ ಪಾಪನಿವೇದನೆ ಮಾಡಿ ಸತ್ತಿರಬಹುದು. ಆದರೆ ಜೈಲಿಗೆ ಹೋದವನ ಮಗಳಿಗೆ ಗಂಡು ಸಿಗಲಿಲ್ಲ, ಮಗ ಶಾಲೆ ಬಿಟ್ಟ, ಆ ಮಗನ ಮಕ್ಕಳು ಇಂದಿಗೂ ಸಾಲದಲ್ಲಿದ್ದಾರೆ. ಆ ಒಂದು ನಿಮಿಷ ಎಲ್ಲೆಲ್ಲಿ ಹರಿದುಹೋಯಿತೆಂದು ಕಡೆಯ ದಿನ ಎಲ್ಲರ ಮುಂದೆ ತಿಳಿಯುತ್ತದೆ. ಕಾಡಿನ ದಾರಿಯಲ್ಲಿ ಬಾಯಾರಿದವನಿಗೆ ಹೆದರುತ್ತಾ ಒಂದು ಚೊಂಬು ನೀರು ಕೊಟ್ಟ ಅಜ್ಜಿಯ ಕೆಲಸವೂ ಹಾಗೆಯೇ ಬೆಳಕಿಗೆ ಬರುತ್ತದೆ. ಅದು ಅವಳಿಗೇ ಮರೆತುಹೋಗಿರುತ್ತದೆ!

ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ವರ್ಣಿಸುವ ತೀರ್ಪಿನ ಮುಂದೆ ನಿಲ್ಲುವುದು ಸಕಲ ಜನಾಂಗಗಳು. ಅಲ್ಲಿ ಜಪಮಾಲೆಯ ಎಣಿಕೆ ಕೇಳುವುದಿಲ್ಲ. ಹಸಿದವರಿಗೆ ಅನ್ನ ಕೊಟ್ಟಿರಾ, ಸೆರೆಯಲ್ಲಿದ್ದವರನ್ನು ನೋಡಲು ಹೋದಿರಾ ಎಂದು ಕೇಳುತ್ತಾರೆ. 2018ರ ಡಿಸೆಂಬರ್ 14ರಂದು ನಮ್ಮ ಪಕ್ಕದ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ಉಂಡು 17 ಮಂದಿ ಸತ್ತರಲ್ಲ, ಅಂದಿನಿಂದ ಈ ಅಧ್ಯಾಯವನ್ನು ಈ ಸೀಮೆಯಲ್ಲಿ ಸುಲಭವಾಗಿ ಓದಲಾಗದು. ಹಸಿದು ಕೈಯೊಡ್ಡಿದವರಿಗೆ ಸಿಕ್ಕಿದ್ದು ವಿಷ. ಆ ಅನ್ನ ತಮಗೇ ಕೊಟ್ಟದ್ದೆಂದು ನ್ಯಾಯಾಧಿಪತಿ ಹೇಳುತ್ತಾರೆ. ಸತ್ತವರು ನಮ್ಮ ಧರ್ಮದವರಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಹಾಗಾದರೆ ಆ ದಿನ ಸೇಡಿನ ದಿನವೇ? ಹಿಡಿಮಣ್ಣು ತೂರಿ “ದೇವರೇ ನೋಡಿಕೊಳ್ಳಲಿ” ಎಂದು ಶಾಪ ಹಾಕುವವರು ಹಾಗೆಯೇ ತಿಳಿದಿರುತ್ತಾರೆ. ಆದರೆ ಆಸನದಲ್ಲಿ ಕೂತಿರುವವರು ಯಾರೆಂದು ನೋಡಿ. ಅವರೇ ಒಂದು ಕೋರ್ಟಿನಲ್ಲಿ ಆಪಾದಿತರಾಗಿ ನಿಂತವರು. ತಪ್ಪಿಲ್ಲವೆಂದು ಗೊತ್ತಿದ್ದೂ ಪಿಲಾತನು ಮರಣಕ್ಕೆ ಒಪ್ಪಿಸಿದ್ದು ಅವರನ್ನೇ. ಪುನರುತ್ಥಾನರಾದ ಮೇಲೂ ಕೈಯ ಗಾಯಗಳನ್ನು ಅಳಿಸಿಕೊಳ್ಳದೆ ತೋಮನಿಗೆ ತೋರಿಸಿದರು. ಕೊಲೆಯಾದವನು ಆ ಗಾಯ ನೋಡಿ ತನ್ನ ನೋವು ಬಲ್ಲವರು ಇವರೆಂದು ತಿಳಿಯುತ್ತಾನೆ. ಕೊಂದವನು ಅದೇ ಗಾಯ ನೋಡಿ, ತಾನು ಚುಚ್ಚಿದ್ದು ಯಾರನ್ನೆಂದು ತಿಳಿಯುತ್ತಾನೆ. ಆ ಬೆಳಕನ್ನು ಬೇಡವೆಂದು ಕೊನೆಯವರೆಗೂ ಮುಖ ತಿರುಗಿಸುವ ಸ್ವಾತಂತ್ರ್ಯ ಮನುಷ್ಯನಿಗಿದೆ, ನರಕವೆಂದರೆ ಅದೇ. ಆದರೆ ಇಂಥವನು ಅಲ್ಲಿದ್ದಾನೆಂದು ಧರ್ಮಸಭೆ ಯಾರ ಹೆಸರನ್ನೂ ಹಿಡಿದು ಘೋಷಿಸಿಲ್ಲ. ವೀರಪ್ಪನ್‌ ಹೆಸರನ್ನೂ ನಾವು ಹಾಗೆ ಹೇಳುವಂತಿಲ್ಲ. 2018ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಧರ್ಮೋಪದೇಶ ಗ್ರಂಥವನ್ನು ತಿದ್ದಿ, ಮರಣದಂಡನೆಯನ್ನು ಒಪ್ಪಲಾಗದೆಂದು ಬರೆಸಿದರು. ತಪ್ಪು ಮಾಡಿದವನ ಮುಂದೆ ಪಶ್ಚಾತ್ತಾಪದ ಬಾಗಿಲು ಮುಚ್ಚುವ ಅಧಿಕಾರ ಯಾವ ಕೋರ್ಟಿಗೂ ಇಲ್ಲ.

ಈ ತಿಂಗಳ ಬಲಿಪೂಜೆಗಳಿಗಾಗಿ ಮೃತರ ಹೆಸರಿನ ಪಟ್ಟಿ ಬರೆದು ತರುತ್ತೀರಿ. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ ಎಲ್ಲರೂ ಇರಲಿ. ಅದರ ಕೆಳಗೆ, ನಿಮ್ಮ ಮನೆಗೆ ಕೇಡು ಬಗೆದು ಸತ್ತವರು ಯಾರಾದರೂ ಇದ್ದರೆ ಅವರ ಹೆಸರನ್ನೂ ಬರೆಯಿರಿ. ನಿಮ್ಮ ಮನೆಯವರಿಂದ ಕೆಟ್ಟವರು ಇದ್ದರೆ ಅವರದನ್ನೂ. ಕೈ ಬಾರದಿದ್ದರೆ ಈ ವರ್ಷಕ್ಕೆ ಒಂದು ಸಾಲು ಖಾಲಿ ಬಿಟ್ಟು ಕೊಡಿ. ಪೀಠದ ಮೇಲೆ ಆ ಖಾಲಿ ಸಾಲನ್ನೂ ಇಟ್ಟು ಪೂಜೆ ಅರ್ಪಿಸುತ್ತೇವೆ.