ಧರ್ಮಾದಾಯ ಯಾರ ಧರ್ಮ?

ಒಂದು ನಾಡು ಸಂಪನ್ನವಾಗುವುದೂ ಇನ್ನೊಂದು ಬಡವಾಗಿಯೇ ಉಳಿಯುವುದೂ ಯಾವ ಕಾರಣದಿಂದ ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಪುಣ್ಯೋದಯವೆಂದು ಸಂಕ್ಷೇಪವಾಗಿ ಉತ್ತರಿಸುತ್ತಿದ್ದರು. ಅರ್ಥಶಾಸ್ತ್ರಜ್ಞರ ಉತ್ತರ ಬೇರೆ. 2024ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಡಾರನ್ ಅಸೆಮೊಗ್ಲು, ಸೈಮನ್ ಜಾನ್ಸನ್ ಮತ್ತು ಜೇಮ್ಸ್ ರಾಬಿನ್ಸನ್ ಅವರು, ನೆಲ ಮತ್ತು ಹವೆಗಿಂತ ಆ ನಾಡಿನ ಸಂಸ್ಥೆಗಳೇ ಹೆಚ್ಚು ನಿರ್ಣಾಯಕವೆಂದು ಪ್ರತಿಪಾದಿಸಿದ್ದಾರೆ. ಸಂಸ್ಥೆಯೆಂದರೆ ಇಲ್ಲಿ ಕಟ್ಟಡವಲ್ಲ, ಆಡಳಿತ ಮಂಡಳಿಯೂ ಅಲ್ಲ. ಜನರು ಪರಸ್ಪರ ವ್ಯವಹರಿಸುವಾಗ ಒಪ್ಪಿ ನಡೆಯುವ ಕಟ್ಟುಕಟ್ಟಳೆ. ದುಡಿಮೆಯ ಫಲ ದುಡಿದವನಲ್ಲಿಯೇ ಉಳಿಯುವಂತೆ ಕಾಯುವ ಕಟ್ಟಳೆಗಳಿವೆ. ಹಲವರ ಫಲವನ್ನು ಕೆಲವರು ಹೀರುವುದಕ್ಕೆ ಅನುಕೂಲವಾದ ಕಟ್ಟಳೆಗಳೂ ಇವೆ. ಪರರ ಆಳ್ವಿಕೆಗೆ ಒಳಗಾಗಿದ್ದ ಅನೇಕ ದೇಶಗಳಲ್ಲಿ, ಆಳುವವರು ಹೋದ ಮೇಲೂ ಎರಡನೆಯ ಬಗೆಯ ಕಟ್ಟಳೆಗಳು ಹೋಗಲಿಲ್ಲ.

ನಮ್ಮ ದಾವಣಗೆರೆಯನ್ನೇ ನೋಡಬಹುದು. ಒಂದು ಕಾಲಕ್ಕೆ ಇದು ಬೇತೂರಿನ ಸೆರಗಿನಲ್ಲಿದ್ದ ಸಣ್ಣ ಹಳ್ಳಿ. ಹೈದರಾಲಿಯು ಇದನ್ನು ಅಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು; ವರ್ತಕರನ್ನು ಕರೆದು ನೆಲೆಗೊಳಿಸಿದ್ದರಿಂದ ಇಲ್ಲಿ ಪೇಟೆ ಬೆಳೆಯಿತು. 1868ರಲ್ಲಿ ಹರಿಹರದ ಬಳಿ ತುಂಗಭದ್ರೆಗೆ ಸೇತುವೆಯಾಯಿತು. ಹತ್ತಿಯ ಮಿಲ್ಲುಗಳು ಬಂದು ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಾಯಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಯಂತ್ರೋಪಕರಣದ ಕಾರ್ಖಾನೆ ಹುಟ್ಟಿತು. ಲಕ್ಕವಳ್ಳಿಯ ಅಣೆಕಟ್ಟಿನಿಂದ ಭದ್ರಾ ನಾಲೆ ಹರಿದು ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ನೆಲ ಅದೇ, ಜನರೂ ಅವರೇ. ಬದಲಾದದ್ದು ರಾಜ್ಯದ ನೀತಿ. ನೀತಿಯೂ ಕಾಲವೂ ತಿರುಗಿದಾಗ ಮಿಲ್ಲುಗಳು ಮುಚ್ಚಿದವು, ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. ಅದು ಬೇರೆಯೇ ಲೇಖನದ ವಿಷಯ. ನಾನಿಲ್ಲಿ ಹೇಳಹೊರಟಿರುವುದು ನಮ್ಮ ಕೈಯಲ್ಲಿಯೇ ಇದ್ದ ಒಂದು ಸಣ್ಣ ಕಟ್ಟಳೆಯ ಸಂಗತಿ.

ಮಂಡಿಯ ಹಳೆಯ ಲೆಕ್ಕಪಟ್ಟಿಗಳಲ್ಲಿ ದಲಾಲಿ, ಹಮಾಲಿ, ತೂಕದ ಕೂಲಿಗಳ ಕೆಳಗೆ 'ಧರ್ಮಾದಾಯ' ಎಂಬ ಇನ್ನೊಂದು ಸಾಲು ಇರುತ್ತಿತ್ತು. ರೈತನಿಗೆ ಸಲ್ಲಬೇಕಾದ ಹಣದಲ್ಲಿ ಕೆಲವು ಕಾಸುಗಳನ್ನು ಹಿಡಿದು ದೇವಾಲಯ, ಛತ್ರ, ಪಾಠಶಾಲೆ, ಗೋಶಾಲೆಗಳಿಗೆ ವಿನಿಯೋಗಿಸುವ ವಾಡಿಕೆ ಅದು. ದೇಶದ ಪೇಟೆಗಳಲ್ಲಿ ರೈತನಿಂದ ಹೀಗೆ ಹಿಡಿಯುತ್ತಿದ್ದ ನಾನಾ ಕಡಿತಗಳನ್ನು ತಡೆಯಲು ನಿಯಂತ್ರಿತ ಮಾರುಕಟ್ಟೆಗಳಾಗಬೇಕೆಂದು 1928ರ ಕೃಷಿ ಆಯೋಗವು ಹೇಳಿತು. ಮೈಸೂರು ಸಂಸ್ಥಾನದಲ್ಲಿ 1939ರಲ್ಲಿ, ಏಕೀಕರಣದ ಬಳಿಕ ರಾಜ್ಯಕ್ಕೆಲ್ಲ 1966ರಲ್ಲಿ ಅದಕ್ಕೆ ಕಾಯಿದೆಗಳಾದವು. ಬಹಿರಂಗ ಹರಾಜು, ಸರಿಯಾದ ತೂಕ, ಅನುಮತಿಯಿಲ್ಲದ ಕಡಿತಗಳ ನಿಷೇಧ ಇವೇ ಅವುಗಳ ಸಾರ. ಕಾಯಿದೆ ಬಂದ ದಿನವೇ ವಾಡಿಕೆ ಹೋಯಿತೆಂದು ಯಾರೂ ಭಾವಿಸಬಾರದು.

ನಾನು ಬಿ.ಕಾಂ. ಮುಗಿಸಿ ತಂದೆಯವರ ಅಂಗಡಿಯಲ್ಲಿ ಕುಳಿತ ಹೊಸತು. ಕೊಕ್ಕನೂರಿನಿಂದ ಭತ್ತ ತಂದಿದ್ದ ವೃದ್ಧ ರೈತರೊಬ್ಬರು ಪಟ್ಟಿಯನ್ನು ಮೊಮ್ಮಗನಿಂದ ಓದಿಸಿಕೊಂಡು ಕೇಳಿದರು: "ಸಾವ್ಕಾರ್ರೇ, ನಮ್ಮೂರಾಗೂ ಆಂಜನೇಯಸ್ವಾಮಿ ಗುಡಿ ಐತಿ. ಅಲ್ಲಿಗೆ ಕೊಡೋದನ್ನ ನಾವೇ ಕೊಡ್ತೀವಿ. ಇಲ್ಲಿ ಹಿಡ್ದಿರೋದು ಯಾರ ಧರ್ಮ?" ತಂದೆಯವರು ನಿತ್ಯ ಸಾಮಾಯಿಕ ಮಾಡುತ್ತಿದ್ದವರು, ರಾತ್ರಿಭೋಜನ ತ್ಯಾಗಿಗಳು. "ಎಲ್ಲರ ಪಟ್ಟಿಯಲ್ಲೂ ಹೀಗೇ ಇರುತ್ತದೆ ಗೌಡರೇ" ಎಂದಷ್ಟೇ ಹೇಳಿ ತಲೆ ತಗ್ಗಿಸಿದರು.

ಉಮಾಸ್ವಾಮಿ ಆಚಾರ್ಯರು ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ವರ್ತಕನಾದವನು ನಿಧಾನವಾಗಿ ಓದಬೇಕು. ಕಳವಿಗೆ ಪ್ರೇರಣೆ, ಕದ್ದ ಮಾಲಿನ ಸ್ವೀಕಾರ, ರಾಜ್ಯದ ನ್ಯಾಯಮರ್ಯಾದೆಯ ಉಲ್ಲಂಘನೆ, ಹೆಚ್ಚುಕಡಿಮೆಯ ಅಳತೆ ತೂಕ, ಕಲಬೆರಕೆ. ಇವು ಮನಸ್ಸಿನ ಒಳಗಿನ ಕಲ್ಮಷಗಳಷ್ಟೇ ಅಲ್ಲ, ಪೇಟೆಯ ನಡುವೆ ನಡೆಯುವ ಸಂಗತಿಗಳು. ಊರಿಗೆಲ್ಲ ಒಂದು ತಕ್ಕಡಿಯಿಲ್ಲದೆ ನನ್ನ ತೂಕ ಸರಿಯೆಂದು ನಾನಾದರೂ ಹೇಗೆ ಹೇಳಲಿ? ವ್ರತವನ್ನು ಒಬ್ಬನೇ ಸ್ವೀಕರಿಸಬಹುದು. ವ್ಯವಹಾರದಲ್ಲಿ ಅದನ್ನು ಒಬ್ಬನೇ ಪಾಲಿಸುವುದು ದುಸ್ತರ. ಶ್ರಾವಕನ ಸದಾಚಾರವೂ ಪೇಟೆಯ ಕಟ್ಟಳೆಯೂ ಒಂದನ್ನೊಂದು ಆಶ್ರಯಿಸಿರುವುದು ಹೀಗೆ.

ದಾನವೆಂದರೆ ತನ್ನದನ್ನು ತ್ಯಜಿಸುವುದು ಎಂಬುದೂ ಆ ಗ್ರಂಥದ್ದೇ ಅಭಿಪ್ರಾಯ. ಧರ್ಮಾದಾಯದ ಹಣ ವರ್ತಕನದಲ್ಲ. ರೈತನು ಮನಃಪೂರ್ವಕವಾಗಿ ಕೊಟ್ಟದ್ದೂ ಅಲ್ಲ. ಕೊಡದಿದ್ದದ್ದನ್ನು ತೆಗೆದುಕೊಳ್ಳುವುದಕ್ಕೆ ನಮ್ಮಲ್ಲಿ ಅದತ್ತಾದಾನವೆಂಬ ಹೆಸರಿದೆ. ಆ ಹಣದಿಂದ ಪಾಠಶಾಲೆಗಳು ನಡೆದು ಅನಾಥ ಮಕ್ಕಳು ಓದಿದರು, ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆಶಾಧರರು ಗೃಹಸ್ಥನ ಲಕ್ಷಣಗಳನ್ನು ಎಣಿಸುವಾಗ ಮೊಟ್ಟಮೊದಲಿಗೆ ಇಟ್ಟಿರುವುದು ನ್ಯಾಯದಿಂದ ಗಳಿಸಿದ ಧನವನ್ನು. ದಾನ, ಪೂಜೆಗಳ ಮಾತು ಆಮೇಲಿನದು.

ಕಡಿತ ಅಲ್ಪವೆಂಬ ಸಮಾಧಾನವೂ ನಿಲ್ಲದು. ಪೇಟೆಯಲ್ಲಿ ಕೈಗೆ ಎಷ್ಟು ಸಿಕ್ಕೀತೆಂದು ಮೊದಲೇ ತಿಳಿಯದ ರೈತನು ಬಾವಿ ತೆಗೆಸಲು, ಒಳ್ಳೆಯ ಬೀಜ ಕೊಳ್ಳಲು ಹಿಂಜರಿಯುತ್ತಾನೆ. ನಾಡಿನ ಬೆಳವಣಿಗೆ ಕುಂಠಿತವಾಗುವುದು ಇಂತಹ ಲಕ್ಷಾಂತರ ಹಿಂಜರಿಕೆಗಳಿಂದ. ಈಗಿನ 'ಬಿಳಿ ಚೀಟಿ' ವ್ಯವಹಾರ, ಅಧಿಕೃತ ಬಿಲ್ಲಿನ ಬದಲು ಬರಿಯ ಕಾಗದದಲ್ಲಿ ಕಮಿಷನ್ ಹಿಡಿಯುವ ಕ್ರಮ, ಅದೇ ರೋಗದ ಹೊಸ ರೂಪ. ಅಲ್ಲಿ ಧರ್ಮದ ಹೆಸರೂ ಇಲ್ಲವೆಂಬುದೊಂದೇ ವ್ಯತ್ಯಾಸ.

ನಮ್ಮ ಅಂಗಡಿಯ ಪಟ್ಟಿಯಿಂದ ಆ ಸಾಲು ಹೋದದ್ದು ಎರಡು ವರ್ಷಗಳ ನಂತರ. ತಂದೆಯವರ ಮನಸ್ಸು ಕರಗಿದ್ದೂ ಹೌದು, ಮಾರುಕಟ್ಟೆ ಸಮಿತಿಯ ತಪಾಸಣೆ ಬಿಗಿಯಾದದ್ದೂ ಹೌದು. ಯಾವುದು ಎಷ್ಟು ಎಂದು ವಿಂಗಡಿಸುವುದು ನನ್ನಿಂದಾಗದು. ಬಸದಿಯ ಕಾರ್ಯಕ್ಕೆ ಆ ವರ್ಷ ನಾವು ಕೊಟ್ಟ ಮೊತ್ತ ಹಿಂದಿನದರ ಮೂರನೆಯ ಒಂದು ಭಾಗವೂ ಆಗಲಿಲ್ಲ, ತಂದೆಯವರಿಗೆ ಅದರಿಂದ ಸಂಕೋಚವಾಯಿತು.

ಧರ್ಮಾದಾಯ ಖಾತೆಯಲ್ಲಿ ಉಳಿದಿದ್ದ ಶಿಲ್ಕನ್ನು ಅವರು ಯಾವುದಕ್ಕೂ ಖರ್ಚು ಹಾಕಲಿಲ್ಲ. ಪ್ರತಿ ದೀಪಾವಳಿಯಲ್ಲೂ ಹೊಸ ಪುಸ್ತಕಕ್ಕೆ ಆ ಮೊತ್ತವನ್ನು ಎಳೆಯುತ್ತಿದ್ದರು. ಅವರ ನಂತರ ನಾನೂ ಎಳೆಯುತ್ತಿದ್ದೇನೆ. ಟ್ರಸ್ಟಿನ ಹಿರಿಯರೊಬ್ಬರು ಅದನ್ನು ಜೀರ್ಣೋದ್ಧಾರಕ್ಕೆ ಕೊಡಿ ಎನ್ನುತ್ತಾರೆ. ಹಳೆಯ ಪಟ್ಟಿಗಳ ನಕಲುಗಳು ಅಟ್ಟದ ಮೇಲೆ ಇವೆ, ಅವುಗಳಲ್ಲಿ ಊರುಗಳ ಹೆಸರೂ ರೈತರ ಹೆಸರೂ ಇವೆ. ಈ ಮಳೆಗಾಲ ಕಳೆದ ಮೇಲೆ ಅವನ್ನು ಕೆಳಗಿಳಿಸಿ, ಕೊಕ್ಕನೂರಿನವುಗಳಿಂದ ಮೊದಲು ಮಾಡಬೇಕೆಂದಿದ್ದೇನೆ.